ಸಿಟಿ ಕಮಿಷನ್ ಮೆಂಬರ್‌ಗಳ ವಾಟ್ಸಾಪ್ ಗ್ರೂಪ್: ಬ್ರೌನ್ ಆ್ಯಕ್ಟ್ ಪ್ರಕಾರ ಎಲ್ಲಿವರೆಗೆ ಓಕೆ?

ಬೇಏರಿಯಾ_ಓದುಗ:

ಎಲ್ರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಸಿಟಿ ಕಮಿಷನ್ನೋ ಸ್ಕೂಲ್ ಬೋರ್ಡೋ ಯಾವುದ್ರಲ್ಲಾದ್ರೂ ಕೂತು ಅನುಭವ ಇರೋರು ಇಲ್ಲಿದ್ರೆ ಸ್ವಲ್ಪ ದಾರಿ ತೋರಿಸಿ. ನಮ್ಮೂರಿನ ಲೈಬ್ರರಿ ಕಮಿಷನ್‌ಗೆ ನನ್ನ ಅಪಾಯಿಂಟ್ ಮಾಡಿದ್ದಾರೆ (ಊರಿನ ಹೆಸರು ಬೇಡ ಬಿಡಿ, ಸೌತ್ ಬೇ ಕಡೆ ಅಂತ ಇಟ್ಕೊಳ್ಳಿ). ಒಟ್ಟು ಐದು ಜನ, ಸಂಬಳ ಇಲ್ಲ, ಅಧಿಕಾರನೂ ಅಷ್ಟಕ್ಕಷ್ಟೇ, ಸಿಟಿ ಕೌನ್ಸಿಲ್‌ಗೆ ಸಲಹೆ ಕೊಡೋದು ಬಿಟ್ರೆ ಇನ್ನೇನಿಲ್ಲ.

ಸೇರಿದ ವಾರನೇ ಒಬ್ಬ ಮೆಂಬರ್ ಐದೂ ಜನನ್ನ ಹಾಕಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ರು. ಮೊದಲು ಗುಡ್ ಮಾರ್ನಿಂಗ್, ಪಾರ್ಕಿಂಗ್ ಎಲ್ಲಿ ಮಾಡ್ಬೇಕು, ಇಂಥವೇ ಬರ್ತಿದ್ವು. ಆಮೇಲೆ ಒಬ್ರು ಹಾಕಿದ್ರು: "ಭಾನುವಾರ ಲೈಬ್ರರಿ ತೆಗೆಯೋ ವಿಷಯ ಮುಂದಿನ ಮೀಟಿಂಗ್‌ಗೆ ಬರುತ್ತಂತೆ, ನಿಮಗೆಲ್ಲ ಏನನ್ಸುತ್ತೆ?" ಇನ್ನೊಬ್ರು "ಸ್ಟಾಫ್‌ಗೆ ದುಡ್ಡೆಲ್ಲಿದೆ, ಶನಿವಾರದ ಟೈಮ್ ಜಾಸ್ತಿ ಮಾಡಿದ್ರೆ ಸಾಕು" ಅಂದ್ರು. ಮೂರನೇಯವರು ಅದಕ್ಕೆ ಹೆಬ್ಬೆರಳು ಎತ್ತಿದ್ರು. ನಾನು ಏನೂ ಬರೀದೆ ಸುಮ್ನಿದೀನಿ, ಯಾಕಂದ್ರೆ ಸಿಟಿ ಕ್ಲರ್ಕ್ ಟ್ರೇನಿಂಗ್‌ನಲ್ಲಿ ಬ್ರೌನ್ ಆ್ಯಕ್ಟ್ ಬ್ರೌನ್ ಆ್ಯಕ್ಟ್ (ಊರಿನ ಕೌನ್ಸಿಲ್, ಬೋರ್ಡ್‌ಗಳು ಜನರೆದುರಿಗೇ ಮೀಟಿಂಗ್ ಮಾಡ್ಬೇಕು ಅನ್ನೋ ಕ್ಯಾಲಿಫೋರ್ನಿಯಾ ಕಾನೂನು) ಅಂತ ಸುಮಾರು ಹೆದರಿಸಿದ್ರು, ಸ್ಲೈಡ್ ಓಡಿಸಿದ ಸ್ಪೀಡ್‌ಗೆ ಅರ್ಧ ತಲೆಗೆ ಹೋಗ್ಲಿಲ್ಲ.

ನನ್ನ ಡೌಟುಗಳು ಇವು. ಇದು ಪ್ರೈವೇಟ್ ಗ್ರೂಪ್, ಯಾರೂ ಇಲ್ಲಿ ವೋಟ್ ಹಾಕ್ತಿಲ್ಲ, ಆದ್ರೂ ಮೀಟಿಂಗ್ ಅಂತಾರಾ? ಬರೀ ಹೆಬ್ಬೆರಳಿಗೂ ಲೆಕ್ಕ ಇದೆಯಾ? ಚಾಟ್‌ನ ಪೂರ್ತಿ ಪ್ರಿಂಟ್ ಮಾಡಿ ಮೀಟಿಂಗ್ ಪ್ಯಾಕೆಟ್‌ಗೆ (ಮೀಟಿಂಗ್‌ಗೆ ಅಂತ ಹಂಚೋ ಕಾಗದಗಳಿಗೆ) ಸೇರಿಸಿದ್ರೆ ಸರಿಹೋಗುತ್ತೆ ಅಂತ ಗ್ರೂಪ್ ಮಾಡಿದವರು ಹೇಳ್ತಾರೆ, ನಿಜಾನಾ? ಇನ್ನೊಬ್ಬ ಮೆಂಬರ್ ಫೇಸ್‌ಬುಕ್‌ನಲ್ಲಿ ಲೈಬ್ರರಿ ಬಗ್ಗೆ ಪೋಸ್ಟ್ ಹಾಕಿದ್ರೆ ನಾನು ಲೈಕ್ ಕೊಡಬಹುದಾ? ಆಮೇಲೆ ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗ್ತಿದೀನಿ, ಅಲ್ಲಿಂದ ಜೂಮ್‌ನಲ್ಲಿ ಮೀಟಿಂಗ್ ಅಟೆಂಡ್ ಆಗಬಹುದಾ?

---

ಹಳೇ_ಕಮಿಷನರ್:

ಅಭಿನಂದನೆಗಳು ಮೊದಲು. ನಾನು ಬೇರೆ ಸಿಟೀಲಿ ಪ್ಲಾನಿಂಗ್ ಕಮಿಷನ್‌ನಲ್ಲಿ ಎರಡು ಟರ್ಮ್ ಇದ್ದೆ, ಲಾಯರ್ ಅಲ್ಲ, ಹಂಗಾಗಿ ಕಡೇ ಮಾತು ನಿಮ್ಮ ಸಿಟಿ ಅಟಾರ್ನಿದು.

"ಬರೀ ಸಲಹೆ ಕೊಡೋ ಕಮಿಟಿ" ಅನ್ನೋ ಸಮಾಧಾನ ಮೊದಲು ಬಿಟ್ಬಿಡಿ. ಕೌನ್ಸಿಲ್ಲು ಆರ್ಡಿನೆನ್ಸೋ ರೆಸಲ್ಯೂಶನ್ನೋ ಪಾಸ್ ಮಾಡಿ ಹುಟ್ಟಿಸಿದ ಕಮಿಷನ್ ಅಂದ್ರೆ ಅದು ತೀರ್ಮಾನ ಮಾಡೋದಿರಲಿ ಸಲಹೆ ಕೊಡೋದಿರಲಿ, ಬ್ರೌನ್ ಆ್ಯಕ್ಟ್ ಒಳಗೇ ಬರುತ್ತೆ. ಸೆಕ್ಷನ್ 54952ರಲ್ಲಿ ಸ್ಪಷ್ಟವಾಗಿದೆ.

ಇನ್ನು ಮೀಟಿಂಗ್ ಅಂದ್ರೇನು. ಐದು ಜನರಲ್ಲಿ ಬಹುಮತ ಅಂದ್ರೆ ಮೂರು. ಮೂರು ಜನ ಕಮಿಷನ್ ವ್ಯಾಪ್ತಿಯ ವಿಷಯ ಮಾತಾಡಿದ್ರೆ ಮುಗೀತು, ಒಂದೇ ರೂಮಲ್ಲಿ ಒಂದೇ ಹೊತ್ತಲ್ಲಿ ಇರಬೇಕು ಅಂತೇನಿಲ್ಲ. 54952.2ರ (ಬಿ) ಭಾಗ ಹೇಳೋದು ಇಷ್ಟು: ಬಹುಮತದಷ್ಟು ಮೆಂಬರ್‌ಗಳು ಮೀಟಿಂಗ್‌ನ ಹೊರಗೆ, ನೇರವಾಗಿ ಆಗ್ಲಿ ಮಧ್ಯವರ್ತಿಗಳ ಮೂಲಕ ಆಗ್ಲಿ, ಯಾವುದೇ ಥರದ ಸಂಪರ್ಕದ ಸರಣಿಯಿಂದ ವಿಷಯ ಚರ್ಚಿಸಬಾರದು, ಆಲೋಚನೆ ಮಾಡಬಾರದು, ತೀರ್ಮಾನ ತಗೋಬಾರದು. ಆ "ಯಾವುದೇ ಥರದ" ಒಳಗೆ ಫೋನು, ಈಮೇಲು, ವಾಟ್ಸಾಪು ಎಲ್ಲ ಬಂತು. ವೋಟ್ ಹಾಕಿಲ್ಲ ಅನ್ನೋದು ಇಲ್ಲಿ ನಡೆಯಲ್ಲ, ಚರ್ಚೆ ಆದ್ರೇ ತಪ್ಪು.

ನಿಮ್ಮ ಗ್ರೂಪಲ್ಲಿ ಒಬ್ರು ಕೇಳಿದ್ರು, ಒಬ್ರು ಅಭಿಪ್ರಾಯ ಹೇಳಿದ್ರು, ಮೂರನೇಯವರು ಹೆಬ್ಬೆರಳು ಎತ್ತಿದ್ರು. ಎಣಿಸಿ ನೋಡಿ, ಮೂರು ಆಯ್ತಲ್ಲ! ಸುಮ್ನೆ ನೋಡ್ತಾ ಇದ್ದ ನೀವು ಆ ಲೆಕ್ಕಕ್ಕೆ ಬರ್ತೀರೋ ಇಲ್ವೋ ಅಂತ ಲಾಯರ್‌ಗಳು ವಾದ ಮಾಡಬಹುದು, ಆದ್ರೆ ಆ ವಾದದೊಳಗೆ ಸಿಕ್ಕಾಕೊಳ್ಳೋ ಕರ್ಮ ನಿಮಗ್ಯಾಕೆ, ಇವತ್ತೇ ಆಚೆ ಬನ್ನಿ.

ಇದ್ರಲ್ಲಿ ಎರಡು ನಮೂನೆ. ಒಂದು ಚೈನು, ಎ ಹೋಗಿ ಬಿ ಹತ್ರ ಮಾತಾಡಿದ, ಬಿ ಹೋಗಿ ಸಿ ಹತ್ರ "ಎ ಹೀಗಂದ" ಅಂದ, ಮೂವರೂ ಒಟ್ಟಿಗೆ ಕೂತೇ ಇಲ್ಲ ಆದ್ರೂ ಬಹುಮತ ಆಯ್ತು. ಇನ್ನೊಂದು ಚಕ್ರದ ಥರ, ನಡುವೆ ಒಬ್ಬ ಕೂತು ಒಬ್ಬೊಬ್ರಿಗೂ ಬೇರೆ ಬೇರೆ ಫೋನ್ ಮಾಡಿ ಅಭಿಪ್ರಾಯ ಒಟ್ಟು ಮಾಡ್ತಾನೆ. ಆ ನಡುವಿನವರು ಮೆಂಬರೇ ಆಗಬೇಕಿಲ್ಲ, ಸ್ಟಾಫ್ ಆಗಬಹುದು, ಬಿಲ್ಡರ್ ಕಡೆ ಲಾಬಿಯವನಾಗಬಹುದು, ನಿಮ್ಮ ಮನೆಯವರೂ ಆಗಬಹುದು. ಇದಕ್ಕೆ ನಮ್ಮ ಫ್ರೀಮಾಂಟ್‌ದೇ ಕೇಸ್ ಇದೆ. ಕಳ್ಳತನದ ಅಲಾರಂ ಹೊಡೆದ ಮಾತ್ರಕ್ಕೆ ಖಾತ್ರಿ ಇಲ್ದೆ ಪೊಲೀಸ್ ಹೋಗಲ್ಲ ಅಂತ 2005ರಲ್ಲಿ ಹೊಸ ಪಾಲಿಸಿ ಬಂತು. ಅದಕ್ಕೆ ಮುಂಚೆ ಸಿಟಿ ಮ್ಯಾನೇಜರ್ ಕೌನ್ಸಿಲ್ ಮೆಂಬರ್‌ಗಳನ್ನ ಒಬ್ಬೊಬ್ರನ್ನೇ ಭೇಟಿ ಮಾಡಿ ಒಪ್ಪಿಸಿದ್ರು ಅಂತ ಆರೋಪ, ವೋಲ್ಫ್ ವರ್ಸಸ್ ಸಿಟಿ ಆಫ್ ಫ್ರೀಮಾಂಟ್. 2006ರಲ್ಲಿ ಅಪೀಲ್ ಕೋರ್ಟು ಆ ಆರೋಪ ವಿಚಾರಣೆಗೆ ಯೋಗ್ಯ ಅಂತು, ಆದ್ರೆ ಎಲ್ರೂ ಒಂದೇ ನಿಲುವಿಗೆ ಬಂದಿದ್ರೆ ಮಾತ್ರ ಉಲ್ಲಂಘನೆ ಅನ್ನೋ ಅರ್ಥ ಬರೋ ಹಾಗೆ ಬರೀತು. ಆ ಸಂದಿ ಮುಚ್ಚೋಕೆ ಅಂತಲೇ 2008ರಲ್ಲಿ ಶಾಸಕರು ತಿದ್ದುಪಡಿ ತಂದ್ರು. ಈಗ ಒಮ್ಮತ ಬೇಕಾಗಿಲ್ಲ, ಜಗಳ ಆಡಿದ್ರೂ ಚರ್ಚೆನೇ.

ಸ್ಟಾಫ್ ನಿಮಗೆ ಒಬ್ಬೊಬ್ರಿಗೇ ಮಾಹಿತಿ ಕೊಡಬಹುದು, ಪ್ರಶ್ನೆಗೆ ಉತ್ತರ ಹೇಳಬಹುದು. ಇನ್ನೊಬ್ಬ ಮೆಂಬರ್ ಹೀಗಂದ್ರು ಅಂತ ಅವರ ಮಾತು ತಂದು ನಿಮಗೆ ಮುಟ್ಟಿಸೋ ಹಾಗಿಲ್ಲ, ಅಷ್ಟೇ.

ಪ್ರಿಂಟ್ ಮಾಡಿ ಪ್ಯಾಕೆಟ್‌ಗೆ ಸೇರಿಸೋದು: ಇದನ್ನ 2001ರಲ್ಲೇ ರಾಜ್ಯದ ಅಟಾರ್ನಿ ಜನರಲ್ ಹತ್ರ ಕೇಳಿದ್ರು. ಬಹುಮತದವರ ಈಮೇಲ್ ಚರ್ಚೆನ ಸೆಕ್ರೆಟರಿಗೂ ಕಳಿಸಿ, ವೆಬ್‌ಸೈಟ್‌ಗೂ ಹಾಕಿ, ಮುಂದಿನ ಮೀಟಿಂಗ್‌ನಲ್ಲಿ ಪ್ರಿಂಟ್ ಇಟ್ರೂ ಸಾಲದು ಅಂತ ಉತ್ತರ ಬಂತು. ಇಂಟರ್ನೆಟ್ ಇಲ್ದವರು ಹೊರಗುಳೀತಾರೆ, ಅದೂ ಅಲ್ದೆ ಜನ ಬಂದು ಕೂರೋ ಹೊತ್ತಿಗೆ ಮಾತೆಲ್ಲ ಮುಗಿದಿರುತ್ತೆ ಅಂತ. ಗ್ರೂಪ್ ಮಾಡಿದವರಿಗೆ ಇದನ್ನ ತೋರಿಸಿ. ಗ್ರೂಪಲ್ಲಿ ಅಲ್ಲ, ಕ್ಲರ್ಕ್ ಮೂಲಕ!

---

ಕಾಫಿಪುಡಿ:

ನನಗಂತೂ ಇದು ಅತಿ ಅನ್ಸುತ್ತೆ ಸಾರ್. ಐದು ಜನ ವಾಲಂಟಿಯರ್‌ಗಳು ಲೈಬ್ರರಿ ಭಾನುವಾರ ತೆಗೀಬೇಕಾ ಬೇಡ್ವಾ ಅಂತ ಮಾತಾಡ್ಕೊಂಡ್ರೆ ಯಾರ ಗಂಟು ಹೋಗುತ್ತೆ? ನಾನು ಒಂದಷ್ಟು ಮೀಟಿಂಗ್ ಹೋಗಿ ಕೂತಿದೀನಿ, ಮೆಂಬರ್‌ಗಳಿಗೆ ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತಿರಲ್ಲ, ಡಯಾಸ್ ಮೇಲೆ ಕೂತು ಮೊದಲನೇ ಸಲ ಬಾಯಿ ಬಿಡ್ತಾರೆ, ಕ್ಯಾಮೆರಾ ಬೇರೆ ಇರುತ್ತೆ, ಒಬ್ಬರೂ "ಇದು ನನಗೆ ಅರ್ಥ ಆಗಿಲ್ಲ" ಅಂತ ಕೇಳಲ್ಲ, ಕೊನೆಗೆ ಸ್ಟಾಫ್ ರಿಪೋರ್ಟ್‌ನಲ್ಲಿ ಏನು ಶಿಫಾರಸು ಇದೆಯೋ ಅದಕ್ಕೇ ಸೀಲ್ ಒತ್ತಿ ಮನೆಗೆ ಹೋಗ್ತಾರೆ. ಎಲ್ಲ ಮೆಂಬರ್‌ಗಳ ಹತ್ರನೂ ಮಾತಾಡೋ ಅವಕಾಶ ಇರೋದು ಸ್ಟಾಫ್‌ಗೆ ಮಾತ್ರ, ಅಲ್ಲಿಗೆ ನಿಜವಾದ ಪವರ್ ಯಾರ ಕೈಗೆ ಹೋಯ್ತು? ಜನಕ್ಕೋಸ್ಕರ ಮಾಡಿದ ಕಾನೂನು ಜನ ಆರಿಸಿದೋರ ಬಾಯಿಗೇ ಬೀಗ ಹಾಕಿದೆ.

---

ದಾಖಲೆ_ಕೇಳೋನು:

@ಕಾಫಿಪುಡಿ ನಿಮ್ಮ ಮಾತಲ್ಲಿ ಅರ್ಧ ಒಪ್ತೀನಿ, ಸ್ಟಾಫ್ ಕೈ ಮೇಲಾಗುತ್ತೆ ಅನ್ನೋದು ನಿಜ, ಒಳಗಿರೋರೇ ಎಷ್ಟೋ ಜನ ಹೇಳ್ತಾರೆ. ಇನ್ನರ್ಧಕ್ಕೆ ಆ ಕಡೆ ಕುರ್ಚೀಲಿ ಕೂತು ನೋಡಿ. ನಮ್ಮ ಏರಿಯಾದ ಬೋರ್ಡ್ ಮೀಟಿಂಗ್ ಒಂದಕ್ಕೆ ಸುಮಾರು ಜನ ಕೆಲ್ಸ ಬಿಟ್ಟು, ಮಕ್ಕಳನ್ನ ಕಟ್ಕೊಂಡು ಬಂದಿದ್ರು. ಒಬ್ಬೊಬ್ರಿಗೆ ಎರಡೆರಡು ನಿಮಿಷ. ಒಬ್ಬ ಅಜ್ಜಿ ಚೀಟೀಲಿ ಬರ್ಕೊಂಡು ಬಂದು ನಡುಗ್ತಾ ಓದಿದ್ರು. ಎಲ್ಲರದೂ ಮುಗೀತು, ಚೇರ್ "ಡಿಸ್ಕಷನ್ ಇದೆಯಾ" ಅಂದ್ರು, ಯಾರೂ ತುಟಿ ಪಿಟಕ್ ಅನ್ಲಿಲ್ಲ, ಮೋಷನ್, ಸೆಕೆಂಡ್, 5-0. ಒಂದು ಪ್ರಶ್ನೆ ಇಲ್ಲ, ಒಂದು ಕಾರಣ ಇಲ್ಲ. ಹೊರಗೆ ಬಂದೋರೆಲ್ಲ ಕೇಳಿದ್ದು ಒಂದೇ, ಇವರು ಇದನ್ನ ಎಲ್ಲಿ, ಯಾವಾಗ ಮಾತಾಡಿ ಮುಗಿಸಿದ್ರು? ಕಾನೂನು ಇರೋದು ಆ ಪ್ರಶ್ನೆಗೋಸ್ಕರ.

ಹುಟ್ಟಿದ್ದೂ ಅಲ್ಲಿಂದಾನೇ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆ ಊರೂರಿನ ಕೌನ್ಸಿಲ್‌ಗಳು, ಬೋರ್ಡ್‌ಗಳು ಹೇಗೆ ಗುಟ್ಟಾಗಿ ಸೇರಿ ಎಲ್ಲ ಮುಗಿಸ್ತಿವೆ ಅಂತ ಸರಣಿ ವರದಿ ಮಾಡ್ತು, ಅದಾದ್ಮೇಲೆ ಮೊಡೆಸ್ಟೊ ಕಡೆಯ ಅಸೆಂಬ್ಲಿ ಮೆಂಬರ್ ರಾಲ್ಫ್ ಬ್ರೌನ್ ಬಿಲ್ ತಂದ್ರು, 1953ರಲ್ಲಿ ಗವರ್ನರ್ ಅರ್ಲ್ ವಾರನ್ ಸೈನ್ ಹಾಕಿದ್ರು. ಆಗ ಹೋಟೆಲ್ ರೂಮು ಇತ್ತು, ಈಗ ಗ್ರೂಪ್ ಚಾಟ್ ಇದೆ.

@ಬೇಏರಿಯಾ_ಓದುಗ ನಿಮಗೆ ಇನ್ನೊಂದು ವಿಷಯ, ಇದು ಬ್ರೌನ್ ಆ್ಯಕ್ಟ್ ಅಲ್ಲ, ಪಬ್ಲಿಕ್ ರೆಕಾರ್ಡ್ಸ್ ಕಾನೂನು (ಸರ್ಕಾರಿ ದಾಖಲೆ ಕೇಳಿ ನೋಡೋ ಹಕ್ಕಿಂದು), ಆದ್ರೆ ಎರಡೂ ಜೋಡಿ ಎತ್ತು. "ನನ್ನ ಸ್ವಂತ ಫೋನು, ನನ್ನ ಸ್ವಂತ ನಂಬರು" ಅನ್ನೋದಕ್ಕೆ 2017ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ತೆರೆ ಎಳೀತು. ಸ್ಯಾನ್ ಹೋಸೆ ಕೇಸು. 2009ರಲ್ಲಿ ಒಬ್ರು ಒಂದು ಡೆವಲಪ್‌ಮೆಂಟ್ ಬಗ್ಗೆ ಮೇಯರ್, ಕೌನ್ಸಿಲ್ ಮೆಂಬರ್‌ಗಳ ಸ್ವಂತ ಫೋನು ಈಮೇಲ್‌ಗಳಲ್ಲಿ ಇರೋ ಮೆಸೇಜ್ ಕೇಳಿದ್ರು, ಸಿಟಿ ಕೊಡಲ್ಲ ಅಂತು. ಕೋರ್ಟು, ಸರ್ಕಾರಿ ಕೆಲಸದ ಬಗ್ಗೆ ಬರೆದ ಮೆಸೇಜ್ ಯಾವ ಅಕೌಂಟ್‌ನಲ್ಲಿದ್ರೂ ಸಾರ್ವಜನಿಕ ದಾಖಲೆ ಆಗಬಹುದು ಅಂತು. ಯಾರೂ ಬಂದು ಫೋನ್ ಕಿತ್ಕೊಳ್ಳಲ್ಲ, ನೀವೇ ಹುಡುಕಿ ಕೊಟ್ಟು, ಬಾಕಿ ಯಾಕೆ ಕೊಟ್ಟಿಲ್ಲ ಅಂತ ಅಫಿಡವಿಟ್ ಬರೆದುಕೊಡೋ ದಾರಿನೂ ಇದೆ. ಆದ್ರೆ ಹೆಂಡತಿ ಫೋಟೋ, ಅಪ್ಪನ ಬಿಪಿ ರಿಪೋರ್ಟ್ ಮಧ್ಯೆ ಭಾನುವಾರದ ಲೈಬ್ರರಿ ಹುಡುಕ್ತಾ ಕೂರೋದು ಬೇಕಾ? ಸಿಟಿ ಕೊಟ್ಟ ಈಮೇಲ್ ಬಿಟ್ಟು ಬೇರೆಲ್ಲೂ ಕಮಿಷನ್ ವಿಷಯ ಬರೀಬೇಡಿ. ಮತ್ತೆ ಈಗ ಗಾಬರಿಯಾಗಿ ಆ ಗ್ರೂಪ್‌ನ ಡಿಲೀಟ್ ಮಾಡೋಕೆ ಹೋಗ್ಬೇಡಿ, ಅದು ಇನ್ನೂ ಕೆಟ್ಟದಾಗಿ ಕಾಣುತ್ತೆ. ಕ್ಲರ್ಕ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ.

---

ಡಲ್ಲಾಸ್_ಕನ್ನಡಿಗ:

ನಮ್ ಟೆಕ್ಸಾಸ್ ಕಡೆ ಸ್ವಲ್ಪ ಬೇರೆ ಥರ ಇದೆ, ಕೇಳಿ ಮಜಾ ಇದೆ. ಇಲ್ಲಿ 2013ರಿಂದ ಬೋರ್ಡ್ ಮೆಂಬರ್‌ಗಳು ಆನ್‌ಲೈನ್ ಮೆಸೇಜ್ ಬೋರ್ಡ್‌ನಲ್ಲಿ ಒಬ್ಬರಿಗೊಬ್ಬರು ಬರ್ಕೋಬಹುದು, ಕಂಡೀಷನ್ ಏನಂದ್ರೆ ಅದು ಎಲ್ರಿಗೂ ಕಾಣಬೇಕು, ಹುಡುಕೋಕೆ ಬರಬೇಕು, ಬರೆದ ಕ್ಷಣಕ್ಕೇ ಕಾಣಬೇಕು, ಬರೆದದ್ದು ಕನಿಷ್ಠ 30 ದಿನ ಅಲ್ಲೇ ಇರಬೇಕು, ಅಲ್ಲಿ ತೀರ್ಮಾನ ಮಾತ್ರ ತಗೋಬಾರದು. @ಕಾಫಿಪುಡಿ ಅವರು ಕೇಳ್ತಿರೋದಕ್ಕೆ ಇದೇ ಉತ್ತರ ಅನ್ಸುತ್ತೆ ನನಗೆ, ಮಾತಾಡಿ ಬೇಡ ಅನ್ನಲ್ಲ, ಬಾಗಿಲು ತೆಗೆದಿಟ್ಟು ಮಾತಾಡಿ.

ಸರಣಿ ಮಾತುಕತೆ ವಿಷಯದಲ್ಲಿ ಇಲ್ಲೂ ದೊಡ್ಡ ಗಲಾಟೆ ಆಗಿದೆ. 2019ರಲ್ಲಿ ಇಲ್ಲಿನ ಕ್ರಿಮಿನಲ್ ಅಪೀಲ್ ಕೋರ್ಟು ಡೋಯಲ್ ಕೇಸಲ್ಲಿ ಹಳೇ ಕಲಂ ಅಸ್ಪಷ್ಟ ಅಂತ ಹೊಡೆದು ಹಾಕ್ತು, ಅದೇ ವರ್ಷ ಶಾಸಕರು ಅದನ್ನ ಬಿಗಿಯಾಗಿ ಬರೆದು ವಾಪಸ್ ತಂದ್ರು. ಇನ್ನು ಫ್ಲೋರಿಡಾದಲ್ಲಿ ನನ್ನ ಭಾವ ಇದಾರೆ, ಅಲ್ಲಿ 1967ರ ಸನ್‌ಶೈನ್ ಕಾನೂನಲ್ಲಿ ಬಹುಮತದ ಲೆಕ್ಕನೇ ಇಲ್ಲ, ಒಂದೇ ಬೋರ್ಡಿನ ಯಾವ ಇಬ್ಬರು ಮುಂದೆ ವೋಟಿಗೆ ಬರೋ ವಿಷಯ ಮಾತಾಡಿದ್ರೂ ತಪ್ಪು. ಕಾರ್‌ಪೂಲ್‌ನಲ್ಲಿ ಹೋದ್ರೆ ಹವಾಮಾನದ ಬಗ್ಗೆ ಮಾತ್ರ ಮಾತಾಡಬೇಕು ಅಂತ ತಮಾಷೆ ಮಾಡ್ತಾರೆ.

---

ಹಳೇ_ಕಮಿಷನರ್:

ಫೇಸ್‌ಬುಕ್ ಪ್ರಶ್ನೆ ಬಿಟ್ಟಿದ್ದೆ. ಇಲ್ಲಿ ಲೆಕ್ಕನೇ ಬೇರೆ, ಹುಷಾರು. 2020ರಲ್ಲಿ ಎಬಿ 992 ಅಂತ ಬ್ರೌನ್ ಆ್ಯಕ್ಟ್‌ಗೆ ಒಂದು ತಿದ್ದುಪಡಿ ಬಂತು, 2021ರ ಜನವರಿಯಿಂದ ಜಾರಿ. ಎಲ್ರಿಗೂ ತೆರೆದಿರೋ ಸೋಷಿಯಲ್ ಮೀಡಿಯಾದಲ್ಲಿ ನೀವು ಜನರ ಪ್ರಶ್ನೆಗೆ ಉತ್ತರ ಕೊಡಬಹುದು, ಮಾಹಿತಿ ಹಾಕಬಹುದು, ಅಭಿಪ್ರಾಯ ಕೇಳಬಹುದು. ಆದ್ರೆ ಕಮಿಷನ್ ವ್ಯಾಪ್ತಿಯ ವಿಷಯದಲ್ಲಿ ಇನ್ನೊಬ್ಬ ಮೆಂಬರ್ ಹಾಕಿದ ಪೋಸ್ಟ್‌ಗೆ, ಕಾಮೆಂಟ್‌ಗೆ, ಶೇರ್ ಮಾಡಿದ್ದಕ್ಕೆ ನೇರವಾಗಿ ಪ್ರತಿಕ್ರಿಯೆ ಕೊಡೋ ಹಾಗಿಲ್ಲ. ಒಬ್ಬರೇ ಕೊಟ್ರೂ ತಪ್ಪು. ಲೈಕು, ಹಾರ್ಟು, ಕೋಪದ ಮುಖ ಇವೂ ಸೇರಿದ್ವು, ಕಾನೂನಲ್ಲೇ ಡಿಜಿಟಲ್ ಐಕಾನ್ ಅಂತ ಬರೆದಿದ್ದಾರೆ.

ವಿಚಿತ್ರ ನೋಡಿ, ಐದು ಜನರ ಕಮಿಷನ್‌ನಲ್ಲಿ ನೀವಿಬ್ಬರು ಕಾಫಿ ಕುಡೀತಾ ಭಾನುವಾರದ ಟೈಮಿಂಗ್ ಬಗ್ಗೆ ಒಂದು ಗಂಟೆ ಮಾತಾಡಬಹುದು (ಮೂರನೇಯವರಿಗೆ ಮುಟ್ಟಿಸದೆ ಇದ್ರೆ), ಆದ್ರೆ ಅವರದೇ ಫೇಸ್‌ಬುಕ್ ಪೋಸ್ಟಿಗೆ ಒಂದು ಹೆಬ್ಬೆರಳು ಒತ್ತೋ ಹಾಗಿಲ್ಲ. ಗುಟ್ಟಾಗಿ ಆಡೋದಕ್ಕೆ ಜಾಗ ಇದೆ, ಬಹಿರಂಗವಾಗಿ ಆಡೋದಕ್ಕೆ ಇಲ್ಲ. ಬರೆದೋರ ಲಾಜಿಕ್ ಇರಬಹುದು, ಒಬ್ಬರ ಲೈಕ್ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಅಂತ ಬಹುಮತ ಆಗೋದಕ್ಕೆ ನಿಮಿಷ ಸಾಕು, ಅದಕ್ಕೇ ಮೊದಲನೇ ಲೈಕನ್ನೇ ಹಿಡಿದಿದ್ದಾರೆ. ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಆದ್ರೆ ರೂಲ್ ರೂಲೇ. ಮೊಮ್ಮಗು ಫೋಟೋಗೆ ಧಾರಾಳವಾಗಿ ಲೈಕ್ ಕೊಡಿ, ಲೈಬ್ರರಿ ಪೋಸ್ಟ್‌ಗೆ ಬೇಡ.

---

ಅಪಾರ್ಟ್‌ಮೆಂಟ್_ಅಮ್ಮ:

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಾನು ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಹೆಚ್‌ಓಎ (ಮನೆ ಮಾಲೀಕರ ಸಂಘ) ಬೋರ್ಡ್‌ನಲ್ಲಿದೀನಿ, ಅದರ ಜೊತೆಗೆ ಕನ್ನಡ ಕೂಟದ ಕಮಿಟೀಲೂ ಇದೀನಿ. ಎರಡೂ ಕಡೆ ಎಲ್ಲ ವಾಟ್ಸಾಪ್‌ನಲ್ಲೇ ತೀರ್ಮಾನ, ದೀಪಾವಳಿ ಊಟದ ಮೆನು ಸಮೇತ. ನಮಗೂ ಇದೆಲ್ಲ ಅನ್ವಯ ಆಗುತ್ತಾ?

---

ದಾಖಲೆ_ಕೇಳೋನು:

ಕನ್ನಡ ಕೂಟಕ್ಕೆ ಇಲ್ಲ ಮೇಡಂ. ಜನರೇ ಸೇರಿ ಮಾಡ್ಕೊಂಡಿರೋ ನಾನ್‌ಪ್ರಾಫಿಟ್, ಸರ್ಕಾರಿ ಸಂಸ್ಥೆ ಹುಟ್ಟುಹಾಕಿದ್ದಲ್ಲ, ಹೋಳಿಗೆನಾ ಜಾಮೂನಾ ಅಂತ ರಾತ್ರಿಯಿಡೀ ಗ್ರೂಪಲ್ಲಿ ಹೊಡೆದಾಡಿ, ಬೈಲಾ ಏನು ಹೇಳುತ್ತೋ ಅಷ್ಟೇ. ಹೆಚ್‌ಓಎಗೆ ಬ್ರೌನ್ ಆ್ಯಕ್ಟ್ ಇಲ್ಲ ಆದ್ರೆ ಅದಕ್ಕೇ ಬೇರೆ ಕಾನೂನಿದೆ, ಡೇವಿಸ್-ಸ್ಟರ್ಲಿಂಗ್ ಆ್ಯಕ್ಟ್ ಒಳಗೆ ಓಪನ್ ಮೀಟಿಂಗ್ ಭಾಗ. ಸಾಮಾನ್ಯ ಮೀಟಿಂಗ್‌ಗೆ ನಾಲ್ಕು ದಿನ ಮುಂಚೆ ನೋಟಿಸ್ ಕೊಡಬೇಕು, ಮೀಟಿಂಗ್‌ನ ಹೊರಗೆ ಬೋರ್ಡ್ ತೀರ್ಮಾನ ತಗೊಳ್ಳೋ ಹಾಗಿಲ್ಲ. ಈಮೇಲ್ ಮೂಲಕ ಮೀಟಿಂಗ್ ಮಾಡಬಹುದಾದ್ದು ತುರ್ತು ಪರಿಸ್ಥಿತೀಲಿ ಮಾತ್ರ, ಅದೂ ಎಲ್ಲ ಡೈರೆಕ್ಟರ್‌ಗಳೂ ಬರವಣಿಗೇಲಿ ಒಪ್ಪಿದ್ರೆ. ಪೈಪ್ ಒಡೆದು ನೀರು ನುಗ್ಗಿದ್ರೆ ಸರಿ, ಬೇಲಿಗೆ ಯಾವ ಬಣ್ಣ ಅನ್ನೋದಕ್ಕೆ ಅಲ್ಲ.

---

ಬೇಏರಿಯಾ_ಓದುಗ:

ಎಲ್ರಿಗೂ ಥ್ಯಾಂಕ್ಸ್. ಗ್ರೂಪ್‌ನಿಂದ ಆಚೆ ಬಂದೆ, ಕ್ಲರ್ಕ್‌ಗೆ ಬರೆದೆ, ಅವರು ಸಿಟಿ ಅಟಾರ್ನಿಗೆ ಕಳಿಸಿದ್ದಾರೆ. ಬೇರೆ ಮೆಂಬರ್‌ಗಳಿಗೆ ನಾನಾಗಿ ಏನೂ ಹೇಳ್ಬೇಡಿ, ಚಾಟ್ ಅಳಿಸ್ಬೇಡಿ ಅಂದ್ರು. ಇನ್ಮೇಲೆ ರಿಪೋರ್ಟ್ ಎಲ್ಲ ಅವರೇ ಬಿಸಿಸಿ ಹಾಕಿ ಕಳಿಸ್ತಾರಂತೆ, ಯಾರಾದ್ರೂ ರಿಪ್ಲೈ ಆಲ್ ಒತ್ತಿದ್ರೂ ಅವರಿಗೆ ಮಾತ್ರ ಹೋಗೋ ಹಾಗೆ. ಈಗ ಆಗಿಹೋಗಿರೋದಕ್ಕೆ ಜೈಲು ಗೀಲು ಏನಾದ್ರೂ ಇದೆಯಾ? ಹೆಂಡತಿ ಕೇಳ್ತಿದಾಳೆ. ಆಮೇಲೆ ಮೈಸೂರು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

---

ಹಳೇ_ಕಮಿಷನರ್:

ಮನೆಯವರಿಗೆ ನಿಶ್ಚಿಂತೆಯಿಂದ ಇರೋಕೆ ಹೇಳಿ. ಕ್ರಿಮಿನಲ್ ಕಲಂ ಇದೆ, ಮಿಸ್‌ಡಿಮೀನರ್ (ಸಣ್ಣ ಅಪರಾಧ), ಆದ್ರೆ ಅದಕ್ಕೆ ಜನರಿಂದ ಮಾಹಿತಿ ಮುಚ್ಚಿಡಬೇಕು ಅನ್ನೋ ಉದ್ದೇಶ ಇರಬೇಕು, ಆ ಮೀಟಿಂಗ್‌ನಲ್ಲಿ ತೀರ್ಮಾನನೂ ಆಗಿರಬೇಕು. ಜಾಸ್ತಿ ಆಗೋದು ಸಿವಿಲ್. ತೀರ್ಮಾನ ತಗೊಂಡ ಮೇಲೆ ಯಾರಾದ್ರೂ 90 ದಿನದೊಳಗೆ "ಇದನ್ನ ಸರಿಪಡಿಸಿ" ಅಂತ ಬರೆದುಕೊಡಬಹುದು (ಓಪನ್ ಮೀಟಿಂಗ್‌ನಲ್ಲೇ ಆಗಿ ಬರೀ ಅಜೆಂಡಾ ತಪ್ಪಾಗಿದ್ರೆ 30 ದಿನ), ಸಿಟಿಗೆ ಸರಿಪಡಿಸೋಕೆ 30 ದಿನ, ಆಗ್ಲಿಲ್ಲ ಅಂದ್ರೆ ಕೋರ್ಟು, ಕೋರ್ಟು ಆ ತೀರ್ಮಾನನೇ ರದ್ದು ಮಾಡಬಹುದು, ಗೆದ್ದವರ ಲಾಯರ್ ಫೀಸು ಸಿಟಿ ತಲೆಗೆ ಬೀಳಬಹುದು. ನಿಮ್ಮಲ್ಲಿ ಇನ್ನೂ ವೋಟೇ ಆಗಿಲ್ಲ. ಮೀಟಿಂಗ್‌ನಲ್ಲಿ ಆ ಚಾಟ್ ವಿಷಯ ಬಹಿರಂಗವಾಗಿ ಹೇಳಿ, ಚರ್ಚೆನ ಮೊದಲಿಂದ ಮಾಡಿ ಅಂತ ಅಟಾರ್ನಿ ಹೇಳಬಹುದು ಅಂತ ನನ್ನ ಊಹೆ.

ಮೈಸೂರು. ಇದು ನನ್ನ ಫೇವರಿಟ್ ರೂಲ್. ಮಾಮೂಲಿ ಟೆಲಿಕಾನ್ಫರೆನ್ಸ್ ನಿಯಮದ ಪ್ರಕಾರ ನೀವು ಎಲ್ಲಿ ಕೂತು ಮಾತಾಡ್ತೀರೋ ಆ ಜಾಗದ ವಿಳಾಸ ಅಜೆಂಡಾದಲ್ಲಿ ಹಾಕಬೇಕು, ಅಲ್ಲೂ ಅಜೆಂಡಾ ಅಂಟಿಸಬೇಕು, ಜನ ಬಂದ್ರೆ ಒಳಗೆ ಬಿಟ್ಟು ಅಲ್ಲಿಂದಲೇ ಮಾತಾಡೋಕೆ ಅವಕಾಶ ಕೊಡಬೇಕು. ಅಂದ್ರೆ ಕುವೆಂಪುನಗರದಲ್ಲಿ ನಿಮ್ಮ ಮಾವನ ಮನೆ ಗೇಟಿಗೆ ಕ್ಯಾಲಿಫೋರ್ನಿಯಾ ಲೈಬ್ರರಿ ಕಮಿಷನ್ ಅಜೆಂಡಾ ಅಂಟಿಸಿ, ಬೆಳಿಗ್ಗೆ ಒಂಬತ್ತೂವರೆಗೆ ಹಾಲಿನವನು ಬಂದ್ರೂ ಕೂರಿಸ್ಕೋಬೇಕು. ಇಲ್ಲಿ ಸಂಜೆ ಎಂಟು ಅಂದ್ರೆ ಡಿಸೆಂಬರ್‌ನಲ್ಲಿ ಅಲ್ಲಿ ಮಾರನೇ ದಿನ ಒಂಬತ್ತೂವರೆ. ನಿಮ್ಮನ್ನ ಬಿಟ್ಟು ಕನಿಷ್ಠ ಮೂರು ಜನ ಸಿಟಿ ವ್ಯಾಪ್ತಿಯೊಳಗೇ ಇರಬೇಕು, ವೋಟು ಹೆಸರು ಕೂಗಿ ತಗೋಬೇಕು. ಕೋವಿಡ್ ಆದ್ಮೇಲೆ ಆರೋಗ್ಯ, ತುರ್ತು ಅಂತ ಕೆಲವು ವಿನಾಯಿತಿ ಬಂದಿವೆ, ಮಾಮೂಲಿ ರಜಾ ಟ್ರಿಪ್‌ಗೆ ಅವು ಸಿಗೋದು ಕಷ್ಟ. ಅಜೆಂಡಾ 72 ಗಂಟೆ ಮುಂಚೆ ಹೊರಗೆ ಬೀಳಬೇಕು, ಹಂಗಾಗಿ ಅಟೆಂಡ್ ಆಗಲೇಬೇಕು ಅಂತಿದ್ರೆ ಟಿಕೆಟ್ ಬುಕ್ ಮಾಡಿದ ತಕ್ಷಣ ಕ್ಲರ್ಕ್‌ಗೆ ವಿಳಾಸ ಕೊಡಿ.

---

ಬೇಏರಿಯಾ_ಓದುಗ:

ಮಾವನಿಗೆ ಫೋನ್ ಮಾಡಿ ಕೇಳಿದೆ. ಅಂಟಿಸೋದು ಅಂಟಿಸು, ಆದ್ರೆ ಬಂದವರಿಗೆಲ್ಲ ಕಾಫಿ ಯಾರು ಮಾಡ್ತಾರೆ ಅಂತಾರೆ. ಆ ತಿಂಗಳು ಗೈರುಹಾಜರಿ ಹಾಕಿಸ್ಕೋತೀನಿ.